ಗೋಕಾಕ ರೋಡ್: ನಮ್ಮ ಸೀಮೆಯ ಸಣ್ಣ ರೈಲು ನಿಲುಗಡೆಗಳ ಚರಿತ್ರೆ

ಜಿನಬಿಂಬದ ಪಂಚಕಲ್ಯಾಣ ಮಹೋತ್ಸವದ ಸವಿನೆನಪಿಗಾಗಿ ಹೊರಬರುತ್ತಿರುವ ಈ ಸಂಚಿಕೆಯಲ್ಲಿ ರೈಲು ನಿಲ್ದಾಣಗಳ ವಿಷಯಕ್ಕೆ ಸ್ಥಾನವೆಲ್ಲಿ ಎಂದು ಕೆಲವರಿಗೆ ಅನಿಸಬಹುದು. ಆದರೆ ಒಂದು ಸೀಮೆಯ ಚರಿತ್ರೆಯು ಅರಸರಿಂದ ಮತ್ತು ಯುದ್ಧಗಳಿಂದ ಮಾತ್ರ ಆದುದಲ್ಲ. ಜನರು ನಡೆದ ದಾರಿ, ಸರಕು ಸಾಗಿದ ದಾರಿ, ಯಾತ್ರಿಕರು ಹೋಗಿ ಬಂದ ದಾರಿ ಇವೂ ಚರಿತ್ರೆಯೇ. ಗೋಕಾಕ, ಹುಕ್ಕೇರಿ ಮತ್ತು ಹಿಂದೆ ಗೋಕಾಕ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿ, ಈ ಮೂರು ಸೀಮೆಗಳ ಹಳ್ಳಿಗಳನ್ನು ನೂರು ವರ್ಷಗಳಿಗೂ ಹೆಚ್ಚು ಕಾಲ ಹೊರಗಿನ ಪ್ರಪಂಚಕ್ಕೆ ಜೋಡಿಸಿದ್ದು ಕೆಲವು ಚಿಕ್ಕ ಚಿಕ್ಕ ರೈಲು ನಿಲ್ದಾಣಗಳು. ಅವುಗಳ ಹಳೆಯ ಜೀವನವು ನಮ್ಮ ಕಣ್ಣೆದುರಿಗೇ ಮರೆಯಾಗಿದೆ. ಅದನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಬರೆದಿಡುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಬರೆದಿಡುವ ವಿಷಯದಲ್ಲಿ ನಮ್ಮ ಪೂರ್ವಜರು ಬಹಳ ಜಾಗರೂಕರಾಗಿದ್ದರು. ರಟ್ಟರ ಕಾಲದಲ್ಲಿ ಕೊಂಡನೂರು ಎನಿಸಿದ್ದ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ ಕ್ರಿ.ಶ. ೧೦೮೭ರ ಜೈನ ಶಾಸನವಿದೆ. ಮೂಡಲಗಿ ತಾಲ್ಲೂಕಿನ ಕಲ್ಲೋಳಿಯು ಆಗ ಸಿಂದನ ಕಲ್ಪೊಳೆ ಎನಿಸಿದ್ದಿತು. ಅಲ್ಲಿ ಶಾಂತಿನಾಥ ಜಿನಾಲಯವು ನಿರ್ಮಾಣವಾಗಿ, ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ ಕ್ರಿ.ಶ. ೧೨೦೪ರಲ್ಲಿ ಅದಕ್ಕೆ ದತ್ತಿಯು ದೊರೆತ ಸಂಗತಿಯನ್ನು ಅಲ್ಲಿಯ ಶಾಸನವು ಇಂದಿಗೂ ಸಾರುತ್ತಿದೆ. ಇಂತಹ ದಾನಶಾಸನಗಳಲ್ಲಿ ಕೊಟ್ಟವರಾರು, ಪಡೆದವರಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ತಿಳಿಸುವುದು ವಾಡಿಕೆ. ಎಂಟುನೂರು ವರ್ಷಗಳ ಹಿಂದಿನ ದಾನದ ವಿವರವು ನಮಗೆ ತಿಳಿದಿದೆ. ಎಂಬತ್ತು ವರ್ಷಗಳ ಹಿಂದೆ ನಮ್ಮ ಅಜ್ಜಂದಿರು ಯಾವ ಊರಿನಿಂದ ಯಾವ ದಾರಿಯಲ್ಲಿ ಚಕ್ಕಡಿ ಹೂಡಿಕೊಂಡು ಯಾವ ನಿಲ್ದಾಣಕ್ಕೆ ಹೋಗಿ ಗಾಡಿ ಹತ್ತಿದರು ಎಂಬುದು ಮಾತ್ರ ಅನೇಕ ಮನೆಗಳಲ್ಲಿ ಯಾರಿಗೂ ತಿಳಿಯದು.

ಬರಗಾಲದಿಂದ ಹುಟ್ಟಿದ ಮಾರ್ಗ

ನಮ್ಮ ಭಾಗಕ್ಕೆ ರೈಲು ಬಂದುದರ ಹಿಂದೆ ಒಂದು ದೊಡ್ಡ ಸಂಕಟವಿದೆ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಧಾತು ಸಂವತ್ಸರದ ಬರಗಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ ಪ್ರದೇಶಗಳು ತತ್ತರಿಸಿದವು. ಬೇರೆಡೆಯಲ್ಲಿ ಧಾನ್ಯವಿದ್ದರೂ ಅದನ್ನು ಇಲ್ಲಿಗೆ ತರುವ ಸಾಧನವಿರಲಿಲ್ಲ. ಎತ್ತಿನ ಗಾಡಿಯಲ್ಲಿ ಧಾನ್ಯವನ್ನು ದೂರದಿಂದ ತರಬೇಕೆಂದರೆ ದಾರಿಯಲ್ಲಿ ಎತ್ತುಗಳಿಗೆ ಮೇವೂ ನೀರೂ ಬೇಕು. ಬರಗಾಲದಲ್ಲಿ ಅವೆರಡೂ ಇಲ್ಲ. ಬರಗಾಲದ ಕಾರಣಗಳನ್ನು ಪರಿಶೀಲಿಸಿದ ಆಯೋಗವು ೧೮೮೦ರಲ್ಲಿ, ಬರಪೀಡಿತ ಪ್ರದೇಶಗಳಿಗೆ ರಕ್ಷಣೆಯ ಉದ್ದೇಶದ ರೈಲುಮಾರ್ಗಗಳು ಅವಶ್ಯವೆಂದು ಸೂಚಿಸಿತು. ಈ ಹಿನ್ನೆಲೆಯಲ್ಲಿ ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪನೆಯಾಯಿತು.

ಈ ಕಂಪನಿಯು ಹಾಕಿದ್ದು ಮೀಟರ್ ಗೇಜ್ ಮಾರ್ಗ. ಎರಡು ಹಳಿಗಳ ನಡುವಿನ ಅಂತರ ಒಂದೇ ಮೀಟರು. ಅಗಲವಾದ ಬ್ರಾಡ್ ಗೇಜ್ ಹಳಿಯ ಅಂತರ ಐದೂವರೆ ಅಡಿ. ಕಿರಿದಾದ ಹಳಿಗೆ ಖರ್ಚು ಕಡಿಮೆ, ತಿರುವುಗಳಲ್ಲಿ ಅನುಕೂಲ ಹೆಚ್ಚು. ಲೋಂಡಾದಿಂದ ಬೆಳಗಾವಿಗೆ, ಅಲ್ಲಿಂದ ಮಾರ್ಕಂಡೇಯ ಮತ್ತು ಘಟಪ್ರಭಾ ನದಿಗಳ ಸೀಮೆಯನ್ನು ಹಾದು, ಮುಂದೆ ಕೃಷ್ಣೆಯನ್ನು ದಾಟಿ ಮಿರಜಕ್ಕೆ ಈ ಮಾರ್ಗವು ೧೮೮೦ರ ದಶಕದ ಉತ್ತರಾರ್ಧದಲ್ಲಿ ಸಿದ್ಧವಾಯಿತು. ೧೮೯೦ರ ವೇಳೆಗೆ ಪುಣೆಯವರೆಗೆ ಗಾಡಿಗಳು ಓಡತೊಡಗಿದವು. ೧೯೦೮ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿತು. ೧೯೪೪ರಲ್ಲಿ ಇದರ ಆಡಳಿತವನ್ನು ಸರಕಾರವೇ ವಹಿಸಿಕೊಂಡಿತು. ೧೯೫೧ರಲ್ಲಿ ದಕ್ಷಿಣ ರೈಲ್ವೆಗೆ, ೧೯೬೬ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೆ, ೨೦೦೩ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆಗೆ ಈ ಮಾರ್ಗವು ಸೇರಿತು. ಮಾಲೀಕರ ಹೆಸರು ಹೀಗೆ ಬದಲಾಗುತ್ತ ಬಂದರೂ ಹಳ್ಳಿಗರಿಗೆ ಅದು ‘ನಮ್ಮ ಗಾಡಿ’ಯಾಗಿಯೇ ಉಳಿಯಿತು.

‘ರೋಡ್’ ಎಂಬ ಮಾತಿನ ಅರ್ಥ

ಬೆಳಗಾವಿಯಿಂದ ಮಿರಜದ ಕಡೆಗೆ ಹೋಗುವಾಗ ಸುಳೇಭಾವಿ, ಸುಳಧಾಳ, ಪಾಶ್ಚಾಪುರ, ಪರಕನಟ್ಟಿ, ಗೋಕಾಕ ರೋಡ್, ಘಟಪ್ರಭಾ, ಬಾಗೇವಾಡಿ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಎಂದು ನಿಲ್ದಾಣಗಳ ಹೆಸರುಗಳು ಬರುತ್ತವೆ. ಇವುಗಳಲ್ಲಿ ಗೋಕಾಕ ಮತ್ತು ಚಿಕ್ಕೋಡಿಗಳ ಹೆಸರಿಗೆ ‘ರೋಡ್’ ಎಂಬ ಬಾಲವು ಅಂಟಿಕೊಂಡಿರುವುದನ್ನು ಗಮನಿಸಬೇಕು. ಹೊಸದಾಗಿ ಬಂದ ಪ್ರಯಾಣಿಕನು ಗೋಕಾಕ ರೋಡಿನಲ್ಲಿ ಇಳಿದು ಗೋಕಾಕ ಪಟ್ಟಣವನ್ನು ಹುಡುಕಿದರೆ ಅದು ಕಾಣಿಸದು. ಪಟ್ಟಣವು ಮೈಲಿಗಟ್ಟಲೆ ದೂರ. ‘ಈ ನಿಲ್ದಾಣದಿಂದ ಗೋಕಾಕಕ್ಕೆ ರಸ್ತೆ ಇದೆ’ ಎಂಬುದಷ್ಟೇ ಆ ಹೆಸರಿನ ಅರ್ಥ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ರೈಲುಮಾರ್ಗವನ್ನು ಗುರುತಿಸಿದ ಎಂಜಿನಿಯರರು ಊರಿನ ಅಗಸೆಯನ್ನು ನೋಡಿ ಹಳಿ ಹಾಕಲಿಲ್ಲ. ಏರು ಎಲ್ಲಿ ಕಡಿಮೆ, ನದಿಯನ್ನು ಎಲ್ಲಿ ದಾಟಬಹುದು, ಉಗಿಬಂಡಿಗೆ ನೀರು ಎಲ್ಲಿ ದೊರೆಯುತ್ತದೆ ಎಂಬುದನ್ನು ನೋಡಿದರು. ಆದುದರಿಂದ ಗೋಕಾಕ, ಹುಕ್ಕೇರಿ, ಸಂಕೇಶ್ವರ, ಮೂಡಲಗಿಯಂತಹ ದೊಡ್ಡ ಊರುಗಳು ಹಳಿಯಿಂದ ದೂರ ಉಳಿದವು. ಪರಕನಟ್ಟಿಯಂತಹ ಸಣ್ಣ ಹಳ್ಳಿಗಳ ಹೆಸರುಗಳು ರೈಲ್ವೆ ವೇಳಾಪಟ್ಟಿಯಲ್ಲಿ ಅಚ್ಚಾದವು. ಪಟ್ಟಣದವನು ಗಾಡಿ ಹಿಡಿಯಲು ಹಳ್ಳಿಗೆ ಬರಬೇಕಾಯಿತು. ಹೀಗೆ ನಿಲ್ದಾಣಕ್ಕೂ ಊರಿಗೂ ನಡುವೆ ಒಂದು ಚಕ್ಕಡಿ ದಾರಿಯೂ ಅದನ್ನೇ ನಂಬಿದ ಒಂದು ಜೀವನವೂ ಬೆಳೆದವು. ಎತ್ತಿನ ಗಾಡಿಯವರು, ಟಾಂಗಾದವರು, ಹಮಾಲರು, ಚಹದ ಅಂಗಡಿಯವರು, ಹತ್ತಿ ಮತ್ತು ಬೆಲ್ಲದ ಅಡತಿಯವರು ಈ ದಾರಿಯಿಂದ ಬದುಕಿದವರು. ನಿಲ್ದಾಣದ ಚರಿತ್ರೆಯೆಂದರೆ ಅರ್ಧಭಾಗ ಈ ದಾರಿಯ ಚರಿತ್ರೆಯೇ.

ಸಣ್ಣ ನಿಲ್ದಾಣದ ವ್ಯವಸ್ಥೆ

ಈಗಿನ ತರುಣರಿಗೆ ಆ ಕಾಲದ ಸಣ್ಣ ನಿಲ್ದಾಣದ ವ್ಯವಸ್ಥೆಯು ಅಪರಿಚಿತ. ಮಾರ್ಗವು ಒಂಟಿ ಹಳಿಯದು. ಎದುರುಬದುರಾಗಿ ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಬೇಕಾದರೆ ಅಲ್ಲಲ್ಲಿ ಎರಡನೆಯ ಹಳಿ ಬೇಕು. ಕೆಲವು ಮೈಲಿಗಳಿಗೊಂದು ನಿಲ್ದಾಣವನ್ನು ಸ್ಥಾಪಿಸಲು ಊರಿನ ಅವಶ್ಯಕತೆಯಷ್ಟೇ ಈ ದಾಟುವಿಕೆಯೂ ಕಾರಣ. ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣದವರೆಗಿನ ಹಳಿಯು ತೆರವಾಗಿದೆ ಎಂಬುದಕ್ಕೆ ಗುರುತಾಗಿ ಲೋಹದ ಗುಂಡಿನಂತಹ ಟೋಕನ್ನನ್ನು ಚಾಲಕನಿಗೆ ಕೊಡುತ್ತಿದ್ದರು. ಅದು ಕೈಸೇರದೆ ಗಾಡಿಯು ಹೊರಡುವಂತಿಲ್ಲ. ನಿಲ್ಲದೆ ಹೋಗುವ ಮೇಲ್ ಗಾಡಿಗೂ ಬೆತ್ತದ ಬಳೆಯಲ್ಲಿ ಸಿಕ್ಕಿಸಿದ ಟೋಕನ್ನನ್ನು ನೌಕರನು ಕೈ ಎತ್ತಿ ಹಿಡಿಯುವನು, ಚಾಲಕನ ಕಡೆಯವನು ಓಡುವ ಗಾಡಿಯಿಂದಲೇ ಅದನ್ನು ತೆಗೆದುಕೊಳ್ಳುವನು. ರೇಲಿನ ತುಂಡೊಂದನ್ನು ತೂಗುಹಾಕಿ ಬಾರಿಸುವುದೇ ಘಂಟೆ. ಸೀಮೆ ಎಣ್ಣೆಯ ದೀಪ, ತೋಳು ಇಳಿಸುವ ಸಿಗ್ನಲ್ಲಿನ ಕಂಬ, ದಪ್ಪ ರಟ್ಟಿನ ಸಣ್ಣ ಟಿಕೀಟು, ಅದರ ಮೇಲೆ ತಾರೀಖನ್ನು ಒತ್ತುವ ಯಂತ್ರ, ಇವೇ ನಿಲ್ದಾಣದ ಸಂಪತ್ತು.

ಹಾಲ್ಟ್ ಎಂಬುದು ಇದಕ್ಕಿಂತಲೂ ಸಣ್ಣದು. ಅಲ್ಲಿ ಸಿಗ್ನಲ್ಲೂ ಇಲ್ಲ, ದಾಟುವ ಹಳಿಯೂ ಇಲ್ಲ, ಸ್ಟೇಶನ್ ಮಾಸ್ತರರೂ ಇಲ್ಲ. ಊರಿನವನೇ ಒಬ್ಬನು ಕಮಿಷನ್ನಿನ ಮೇಲೆ ಟಿಕೀಟು ಮಾರುವುದು ರೂಢಿ. ಮಣ್ಣಿನ ದಿಬ್ಬ, ಹೆಸರಿನ ಹಲಗೆ, ನೆರಳಿಗೆ ಒಂದು ಗಿಡ ಇಷ್ಟಿದ್ದರೆ ಹಾಲ್ಟ್ ಆಯಿತು. ಇಷ್ಟು ಅಲ್ಪ ಖರ್ಚಿನಲ್ಲಿ ಹುಟ್ಟಿದ ಹಾಲ್ಟಿಗೆ ಸಾವೂ ಸುಲಭ. ಗಾಡಿಯು ನಿಲ್ಲುವುದನ್ನು ಬಿಟ್ಟರೆ ಸಾಕು. ಕೆಡವಲು ಅಲ್ಲಿ ಕಟ್ಟಡವೂ ಇರುವುದಿಲ್ಲ, ಕಾಗದಪತ್ರಗಳಲ್ಲಿ ಹುಡುಕಲು ಹೆಚ್ಚಿನ ಗುರುತೂ ಇರುವುದಿಲ್ಲ.

ನೀರು, ಹತ್ತಿ ಮತ್ತು ಹಳಿ

ರೈಲು ಬಂದ ಕಾಲದ ಆಸುಪಾಸಿನಲ್ಲಿಯೇ ಈ ಸೀಮೆಯಲ್ಲಿ ಇನ್ನೆರಡು ದೊಡ್ಡ ಕೆಲಸಗಳು ನಡೆದವು. ಗೋಕಾಕ ಜಲಪಾತದಲ್ಲಿ ಘಟಪ್ರಭೆಯು ಸುಮಾರು ೧೭೦ ಅಡಿಗಳ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಶಕ್ತಿಯಿಂದ ನೂಲುವ ಯಂತ್ರಗಳನ್ನು ನಡೆಸಲು ೧೮೮೫ರಲ್ಲಿ ಕಂಪನಿಯೊಂದು ಸ್ಥಾಪನೆಯಾಗಿ ೧೮೮೭ರಲ್ಲಿ ಗೋಕಾಕ ಮಿಲ್ಲು ಕೆಲಸವನ್ನಾರಂಭಿಸಿತು. ಎರಡನೆಯದು ಧುಪದಾಳದ ಅಡ್ಡಗಟ್ಟು. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಇದು ೧೮೯೭ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಗೆ ನೀರನ್ನು ಒದಗಿಸಿತು. ಈ ಅಡ್ಡಗಟ್ಟಿನ ಹಿನ್ನೀರಿನ ಪ್ರದೇಶವನ್ನು ೧೯೭೪ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು.

ಮಿಲ್ಲಿಗೆ ಹತ್ತಿ ಬರಬೇಕು, ನೂಲು ಹೋಗಬೇಕು. ಕಾಲುವೆಯ ಕೆಳಗಿನ ಹೊಲಗಳಲ್ಲಿ ಬೆಳೆದುದು ಪೇಟೆಯನ್ನು ಸೇರಬೇಕು. ಬೆಲ್ಲ, ಶೇಂಗಾ, ಜೋಳ, ಹತ್ತಿ, ಸಂಕೇಶ್ವರದ ಮೆಣಸಿನಕಾಯಿ ಇವೆಲ್ಲಕ್ಕೂ ದೂರದ ಪೇಟೆಗಳನ್ನು ತೆರೆದುಕೊಟ್ಟದ್ದು ಈ ಮೀಟರ್ ಗೇಜ್ ಹಳಿಯೇ. ೧೯೩೯ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರಖಾನೆಯೂ ಹಳಿಯ ಬದಿಗೇ ಬೆಳೆಯಿತು. ೧೯೨೯ರಲ್ಲಿ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವು ಆರಂಭವಾದಾಗ, ದೂರದ ರೋಗಿಗಳು ಅಲ್ಲಿಗೆ ಬರಲು ಅನುಕೂಲವಾದುದೂ ನಿಲ್ದಾಣವು ಸಮೀಪವಿದ್ದುದರಿಂದಲೇ.

ಯಾತ್ರಿಕರ ಹಾದಿ

ನಮ್ಮ ಸಮಾಜಕ್ಕೆ ಈ ನಿಲ್ದಾಣಗಳ ಸಂಬಂಧವು ಇನ್ನೊಂದು ಬಗೆಯದು. ಬೆಳಗಾವಿ ಜಿಲ್ಲೆಯ ಶ್ರಾವಕರು ಬಹುಮಟ್ಟಿಗೆ ಒಕ್ಕಲುತನದವರು. ವರುಷವಿಡೀ ಹೊಲವನ್ನು ಬಿಟ್ಟು ಕದಲಲಾರದ ಇವರಿಗೆ ಶ್ರೀ ಸಮ್ಮೇದ ಶಿಖರಜಿಯ ಯಾತ್ರೆಯೆಂದರೆ ಜನ್ಮದಲ್ಲಿ ಒಮ್ಮೆ ಕೈಗೂಡಬಹುದಾದ ಪುಣ್ಯ. ಕಾಲ್ನಡಿಗೆಯಲ್ಲಿಯೂ ಗಾಡಿಯಲ್ಲಿಯೂ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಆ ಯಾತ್ರೆಯನ್ನು ರೈಲು ಕೆಲವೇ ದಿನಗಳಿಗೆ ಇಳಿಸಿತು. ಮೀಟರ್ ಗೇಜ್ ಗಾಡಿಯಲ್ಲಿ ಪುಣೆಯವರೆಗೆ ಹೋಗಿ, ಅಲ್ಲಿಂದ ಬ್ರಾಡ್ ಗೇಜ್ ಗಾಡಿಗಳಲ್ಲಿ ಉತ್ತರಕ್ಕೆ ಸಾಗಬೇಕಾಗಿದ್ದಿತು. ಮೊದಲು ಶಿಖರಜಿಗೆ ಗಿರಿಡಿಹ್ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ೧೯೦೬ರಲ್ಲಿ ಗ್ರ್ಯಾಂಡ್ ಕಾರ್ಡ್ ಮಾರ್ಗವು ತೆರೆದ ಮೇಲೆ ಪಾರಸನಾಥ ನಿಲ್ದಾಣದ ದಾರಿಯೂ ದೊರೆಯಿತು.

ದಕ್ಷಿಣದ ಯಾತ್ರೆಯು ಇದಕ್ಕಿಂತ ಸುಲಭ. ಪುಣೆಯಿಂದ ಬೆಂಗಳೂರಿನವರೆಗೆ ಒಂದೇ ಅಳತೆಯ ಹಳಿ ಇದ್ದುದರಿಂದ ನಮ್ಮ ನಿಲ್ದಾಣಗಳಿಂದ ಹುಬ್ಬಳ್ಳಿಯ ಮೇಲೆ ಅರಸೀಕೆರೆಯವರೆಗೆ ಇದೇ ಹಳಿಯ ಮೇಲೆ ಸಾಗಿ, ಅಲ್ಲಿಂದ ಮುಂದೆ ಶ್ರವಣಬೆಳಗೊಳವನ್ನು ಸೇರಬಹುದಾಗಿತ್ತು. ೧೯೧೦, ೧೯೨೫, ೧೯೪೦, ೧೯೫೩, ೧೯೬೭ ಮತ್ತು ೧೯೮೧ರ ಮಹಾಮಸ್ತಕಾಭಿಷೇಕಗಳೆಲ್ಲವೂ ಈ ಭಾಗದಲ್ಲಿ ಮೀಟರ್ ಗೇಜ್ ಇದ್ದ ಕಾಲದಲ್ಲಿಯೇ ಜರುಗಿದವು. ಆ ಯಾತ್ರೆಗಳಿಗೆ ನಮ್ಮ ಹಿರಿಯರು ಶುದ್ಧ ಜಲಕ್ಕಾಗಿ ತಾಮ್ರದ ಕೊಡವನ್ನೂ ಗಳಿಗೆಯ ಬಟ್ಟೆಯನ್ನೂ ಬುತ್ತಿಯನ್ನೂ ಕಟ್ಟಿಕೊಂಡು, ಸೂರ್ಯಾಸ್ತಕ್ಕೆ ಮೊದಲೇ ಊಟವನ್ನು ಮುಗಿಸಿ, ರಾತ್ರಿಯ ಗಾಡಿಗಾಗಿ ನಿಲ್ದಾಣದಲ್ಲಿ ಕಾದು ಕುಳಿತ ಚಿತ್ರವನ್ನು ಊಹಿಸುವುದು ಕಷ್ಟವಲ್ಲ.

ಇದೇ ಕಾಲದಲ್ಲಿ, ಇದೇ ಸೀಮೆಯಲ್ಲಿ, ರೈಲಿನ ಹಂಗಿಲ್ಲದೆ ನಡೆದ ಮಹಾಪುರುಷರೂ ಇದ್ದರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಭೋಜ ಗ್ರಾಮದವರಾದ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ೧೯೨೦ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನು ಪಡೆದರು. ಕೊಣ್ಣೂರಿನಲ್ಲಿಯೂ ಅವರ ಚಾತುರ್ಮಾಸ್ಯವು ನಡೆಯಿತು. ೧೯೨೭-೨೮ರಲ್ಲಿ ಅವರು ಸಂಘಸಮೇತರಾಗಿ ಶಿಖರಜಿಗೆ ವಿಹಾರ ಮಾಡಿದುದು ಕಾಲ್ನಡಿಗೆಯಲ್ಲಿಯೇ. ಶ್ರಾವಕನು ಗಾಡಿಯಲ್ಲಿ ದಿನಗಳಲ್ಲಿ ಮುಗಿಸಿದ ದಾರಿಯನ್ನು ಮುನಿಗಳು ತಿಂಗಳುಗಟ್ಟಲೆ ನಡೆದು ಮುಗಿಸಿದರು. ಹಳಿಯ ಮೇಲೆ ವೇಗ, ಹಳಿಯ ಪಕ್ಕದಲ್ಲಿ ಸಂಯಮ, ಇವೆರಡನ್ನೂ ಏಕಕಾಲಕ್ಕೆ ಕಂಡ ನೆಲ ನಮ್ಮದು.

ರಾಷ್ಟ್ರಜೀವನದಲ್ಲಿ

೧೯೨೪ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆದಾಗ, ದೇಶದ ನಾನಾ ಕಡೆಗಳ ಪ್ರತಿನಿಧಿಗಳನ್ನು ಬೆಳಗಾವಿಗೆ ತಂದ ಹಳಿಯೂ ಇದೇ. ೧೯೩೭ರ ಏಪ್ರಿಲಿನಲ್ಲಿ ಗಾಂಧೀಜಿಯವರು ಗಾಂಧಿ ಸೇವಾ ಸಂಘದ ಸಭೆಗಾಗಿ ಹುದಲಿ ಗ್ರಾಮದಲ್ಲಿ ತಂಗಿದ್ದರು. ಹುದಲಿಗೆ ಹತ್ತಿರದ ನಿಲ್ದಾಣವು ಸುಳಧಾಳ. ನಕ್ಷೆಯಲ್ಲಿ ಬಿಂದುವಿನಷ್ಟಿದ್ದ ನಿಲ್ದಾಣವು ದೇಶದ ಚರಿತ್ರೆಯ ದಾರಿಯಲ್ಲಿ ಬರಬಹುದೆಂಬುದಕ್ಕೆ ಇದು ಉದಾಹರಣೆ. ೧೯೪೨ರ ಚಲೇಜಾವ್ ಚಳವಳಿಯಲ್ಲಿ ಕರ್ನಾಟಕದ ಭೂಗತ ಹೋರಾಟಗಾರರು ತಂತಿಗಳನ್ನು ಕತ್ತರಿಸಿ, ಸಣ್ಣ ರೈಲು ನಿಲ್ದಾಣಗಳ ಮೇಲೆ ದಾಳಿ ಮಾಡಿದರು. ಪರಕೀಯ ಸರಕಾರದ ಕೈಯು ಹಳ್ಳಿಯವರೆಗೆ ಚಾಚಿದ್ದು ಈ ಹಳಿಯ ಮೂಲಕವೇ ಎಂಬುದನ್ನು ಅವರು ಬಲ್ಲವರಾಗಿದ್ದರು.

ಬಳಕೆ ತಪ್ಪಿದ ಬಗೆ

ಇಷ್ಟು ಸೇವೆ ಸಲ್ಲಿಸಿದ ನಿಲುಗಡೆಗಳು ಮಂಕಾದುದು ಏಕೆ? ಒಂದೇ ದಿನದಲ್ಲಿ ಆದುದಲ್ಲ ಅದು. ಮೊದಲನೆಯ ಕಾರಣ ಮೋಟಾರು ರಸ್ತೆ. ಬಸ್ಸು ಊರಿನ ಬಾಗಿಲಿಗೇ ಬಂದ ಮೇಲೆ ಮೈಲಿಗಟ್ಟಲೆ ದೂರದ ನಿಲ್ದಾಣಕ್ಕೆ ಚಕ್ಕಡಿ ಹೂಡುವವರಾರು? ಲಾರಿಯು ಹೊಲದ ಬದುವಿನಿಂದಲೇ ಬೆಲ್ಲವನ್ನು ಹೇರಿಕೊಂಡು ಹೋಗತೊಡಗಿದ ಮೇಲೆ ಸರಕಿನ ಗಾಡಿಗೆ ಕಾಯುವವರಾರು? ‘ರೋಡ್’ ಎಂದು ಹೆಸರಿಟ್ಟುಕೊಂಡ ನಿಲ್ದಾಣವನ್ನು ನಿಜವಾದ ರೋಡೇ ಸೋಲಿಸಿತು.

ಎರಡನೆಯ ಕಾರಣ ಹಳಿಯ ಅಳತೆ. ೧೯೭೧ರಲ್ಲಿ ಪುಣೆಯಿಂದ ಮಿರಜ, ಕೊಲ್ಲಾಪುರಗಳವರೆಗಿನ ಮಾರ್ಗವು ಬ್ರಾಡ್ ಗೇಜ್ ಆಯಿತು. ಪುಣೆಯವರೆಗೆ ನೇರವಾಗಿ ಹೋಗುತ್ತಿದ್ದ ನಮ್ಮ ಪ್ರಯಾಣಿಕರು ಅಂದಿನಿಂದ ಮಿರಜದಲ್ಲಿಯೇ ಗಂಟುಮೂಟೆಗಳೊಡನೆ ಇಳಿದು ಗಾಡಿ ಬದಲಿಸಬೇಕಾಯಿತು. ಸರಕನ್ನಂತೂ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಮಾಲರು ಹೊತ್ತು ಹಾಕಬೇಕು. ಎರಡು ದಶಕಗಳಿಗೂ ಹೆಚ್ಚು ಕಾಲ ಇದೇ ಸ್ಥಿತಿ ಇದ್ದಿತು. ೧೯೯೦ರ ದಶಕದ ನಡುಭಾಗದಲ್ಲಿ ಮಿರಜ-ಲೋಂಡಾ ಮಾರ್ಗವೂ ಬ್ರಾಡ್ ಗೇಜ್ ಆದಾಗ ಮೀಟರ್ ಗೇಜ್ ಯುಗವು ಇಲ್ಲಿ ಮುಗಿಯಿತು. ಉಗಿಬಂಡಿಗಳಿಗಾಗಿ ಕಟ್ಟಿದ್ದ ನೀರಿನ ತೊಟ್ಟಿಗಳು ಡೀಸೆಲ್ ಎಂಜಿನ್ನುಗಳ ಕಾಲದಲ್ಲಿ ನಿರುಪಯೋಗಿಯಾದವು. ದೂರದ ಗಾಡಿಗಳ ವೇಗ ಹೆಚ್ಚಿದಂತೆ ಸಣ್ಣ ನಿಲ್ದಾಣಗಳು ಅವಕ್ಕೆ ಬರಿಯ ಹೆಸರಿನ ಹಲಗೆಗಳಾದವು.

ಮೂರನೆಯ ಪೆಟ್ಟು ಇತ್ತೀಚಿನದು. ೨೦೨೦ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತವು. ಮತ್ತೆ ಆರಂಭವಾದಾಗ ದೇಶದ ಅನೇಕ ಸಣ್ಣ ನಿಲುಗಡೆಗಳು ವೇಳಾಪಟ್ಟಿಯಿಂದ ಬಿಟ್ಟುಹೋದವು. ಇನ್ನು ಲೋಂಡಾ-ಮಿರಜ ಮಾರ್ಗಕ್ಕೆ ಜೋಡಿ ಹಳಿಯನ್ನು ಹಾಕುವ ಕಾರ್ಯವು ಕೈಗೂಡಿದಂತೆ, ಒಂಟಿ ಹಳಿಯ ಕಾಲದಲ್ಲಿ ಸಣ್ಣ ನಿಲ್ದಾಣಕ್ಕಿದ್ದ ಗಾಡಿ ದಾಟಿಸುವ ಮಹತ್ವವೂ ತಗ್ಗಿತು. ಇದರಿಂದ ಪ್ರಯಾಣವು ಶೀಘ್ರವಾಯಿತು, ಅದು ಸಂತೋಷದ ಸಂಗತಿ. ಆದರೆ ಬಸ್ಸಿನ ಖರ್ಚನ್ನು ಭರಿಸಲಾರದ ಬಡವನಿಗೆ, ಪೇಟೆಗೆ ಹಾಲು ತರಕಾರಿಗಳನ್ನು ಒಯ್ಯುವ ಹೆಂಗಸಿಗೆ, ಶಾಲೆಗೆ ಹೋಗುವ ಹುಡುಗನಿಗೆ ಅಗ್ಗದ ಪ್ಯಾಸೆಂಜರ್ ಗಾಡಿಯು ಎಷ್ಟು ಆಧಾರವಾಗಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿಯದೆ ಇರಲಾಗದು.

ನಮ್ಮ ಕರ್ತವ್ಯ

ಗೋಕಾಕ ರೋಡ್ ನಿಲ್ದಾಣದ ಹೆಸರು ಇಂದಿಗೂ ಇದೆ. ಇಲ್ಲವಾದುದು ಆ ಹೆಸರಿಗೆ ಅರ್ಥವನ್ನು ಕೊಟ್ಟಿದ್ದ ಜೀವನ. ಇಂತಹ ಮರೆವು ಎಷ್ಟು ಬೇಗ ಆವರಿಸುತ್ತದೆ ಎಂಬುದಕ್ಕೆ ನಮ್ಮಲ್ಲಿಯೇ ದೃಷ್ಟಾಂತವಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯವು ೧೯೭೭ರಲ್ಲಿ ಪೂರ್ಣಗೊಂಡಿತು. ಸಾವಿರಾರು ಎಕರೆಗಳಿಗೆ ನೀರುಣಿಸುವ ಆ ಜಲಾಶಯದ ತಳದಲ್ಲಿ ಹುನ್ನೂರಿನಂತಹ ಹಳ್ಳಿಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಯ ಹಳೆಯ ವಿಠ್ಠಲ ದೇವಾಲಯವು ಮೇಲೆ ಕಾಣಿಸಿಕೊಳ್ಳುತ್ತದೆ, ಜನರು ನೋಡಲು ಹೋಗುತ್ತಾರೆ. ಕಲ್ಲಿನ ದೇವಾಲಯವಾದುದರಿಂದ ಅದು ಮತ್ತೆ ಕಂಡಿತು. ಮಣ್ಣಿನ ದಿಬ್ಬದ ಹಾಲ್ಟ್ ಯಾವ ಬೇಸಿಗೆಯಲ್ಲಿಯೂ ಮತ್ತೆ ಕಾಣಿಸಿಕೊಳ್ಳದು. ಅದು ಉಳಿಯಬೇಕಾದರೆ ಬರಹದಲ್ಲಿಯೇ ಉಳಿಯಬೇಕು.

ಆದುದರಿಂದ ಸಮಾಜಬಾಂಧವರಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ರಟ್ಟಿನ ಟಿಕೀಟುಗಳು, ಸರಕು ಕಳುಹಿಸಿದ ರೈಲ್ವೆ ರಸೀದಿಗಳು, ಅಡತಿಯ ಲೆಕ್ಕದ ಪುಸ್ತಕಗಳು, ಯಾತ್ರೆಯಿಂದ ಬರೆದ ಕಾಗದಗಳು, ಯಾತ್ರಾಸಂಘದ ಭಾವಚಿತ್ರಗಳು ಇದ್ದರೆ ಅವುಗಳನ್ನು ರದ್ದಿಗೆ ಹಾಕಬಾರದು. ಯಾವ ಊರಿನವರು, ಯಾವ ವರುಷ, ಯಾವ ನಿಲ್ದಾಣದಿಂದ ಹೊರಟರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದು, ಅವರ ಹೆಸರನ್ನೂ ತಾರೀಖನ್ನೂ ಹಾಕಿ, ಬಸದಿಯ ಗ್ರಂಥಭಂಡಾರದಲ್ಲಿ ಇಡಬಹುದು. ತಾಳೆಯೋಲೆಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದ ಸಮಾಜಕ್ಕೆ ಇದು ಭಾರವಾದ ಕೆಲಸವಲ್ಲ. ಚಕ್ಕಡಿಯಲ್ಲಿ ಕುಳಿತು ನಿಲ್ದಾಣಕ್ಕೆ ಹೋದವರಲ್ಲಿ ಅನೇಕರು ಈಗ ಎಂಬತ್ತನ್ನು ದಾಟಿದ್ದಾರೆ. ಅವರನ್ನು ಕೇಳಲು ಇನ್ನು ಹೆಚ್ಚು ಕಾಲವಿಲ್ಲ.

ಕಲ್ಪೊಳೆಯ ಶಾಂತಿನಾಥ ಬಸದಿಯ ದತ್ತಿಯನ್ನು ಕಲ್ಲಿನಲ್ಲಿ ಕೊರೆಯಿಸಿದವರು ಮುಂದಿನವರು ಓದುವರೆಂಬ ನಂಬಿಕೆಯಿಂದ ಕೊರೆಯಿಸಿದರು. ನಾವು ಓದಿದೆವು. ನಮ್ಮ ಮೊಮ್ಮಕ್ಕಳಿಗೂ ಓದಲು ನಮ್ಮ ಕಾಲದ್ದೇನಾದರೂ ಉಳಿದಿರಲಿ. ಪ್ರತಿಷ್ಠೆಯ ಈ ಶುಭಸಮಯದಲ್ಲಿ ಅಂತಹ ಸಂಗ್ರಹಕಾರ್ಯಕ್ಕೂ ಸಮಾಜವು ಸಂಕಲ್ಪ ಮಾಡಲೆಂದು ಆಶಿಸಿ ಈ ಲೇಖನವನ್ನು ಮುಗಿಸುತ್ತೇನೆ.

ಜೈನಂ ಜಯತು ಶಾಸನಂ.